ದಸರಾ ರಜೆಯಲ್ಲಿ ಅಪ್ಪ ಅಮ್ಮನ ಜೊತೆ ಹೋಯ್ ಆನ್, ಹುಯೇ: ಹೋಗಬಹುದಾ?

ಮಲೆನಾಡಿನವಳು:

ಎಲ್ಲರಿಗೂ ನಮಸ್ಕಾರ. ಈ ದಸರಾ ರಜೆಗೆ ಅಪ್ಪ, ಅಮ್ಮ, ನಾನು, ಒಂಬತ್ತು ವರ್ಷದ ನನ್ನ ಮಗ, ಒಟ್ಟು ನಾಲ್ಕು ಜನ ವಿಯೆಟ್ನಾಂಗೆ ಹೋಗೋಣ ಅಂದುಕೊಂಡಿದ್ದೇವೆ. ಇಡೀ ದೇಶ ಸುತ್ತುವ ಆಸೆ ಇಲ್ಲ. ನಡುಭಾಗದ ಹೋಯ್ ಆನ್, ಹುಯೇ, ಮೀ ಸನ್ ಇಷ್ಟೇ ಸಾಕು. ಕೈಯಲ್ಲಿ ಏಳು ದಿನ ಇದೆ.

ಅಪ್ಪ ಹೈಸ್ಕೂಲಿನಲ್ಲಿ ಇತಿಹಾಸದ ಮೇಷ್ಟ್ರಾಗಿದ್ದವರು. ಆ ಭಾಗವನ್ನು ಹಿಂದೆ ಆಳಿದ ಚಂಪಾ ರಾಜರು ಮೀ ಸನ್‌ನಲ್ಲಿ ಕಟ್ಟಿಸಿದ ಶಿವನ ಗುಡಿಗಳನ್ನು ಒಮ್ಮೆ ಕಣ್ಣಾರೆ ನೋಡಬೇಕು ಅಂತ ಅವರು ಹೇಳುತ್ತಲೇ ಎಷ್ಟೋ ವರ್ಷ ಆಯಿತು. ಅಮ್ಮನಿಗೆ ಮಂಡಿನೋವು. ಸಮತಟ್ಟು ಜಾಗದಲ್ಲಿ ನಡೆಯುತ್ತಾರೆ, ಮೆಟ್ಟಿಲು ಕಷ್ಟ. ಮೀನು ಮಾಂಸ ಬಿಡಿ, ಮೊಟ್ಟೆಯನ್ನೂ ಮುಟ್ಟುವುದಿಲ್ಲ, ವಾರದಲ್ಲಿ ಎರಡು ದಿನ ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ.

ಒಬ್ಬ ಟ್ರಾವೆಲ್ ಏಜೆಂಟ್ ಅಕ್ಟೋಬರ್ ಮೂರನೇ ವಾರಕ್ಕೆ ತುಂಬಾ ಕಡಿಮೆ ದರ ಹೇಳಿದ್ದಾರೆ. "ಆಗ ಜನ ಇರಲ್ಲ, ಆರಾಮಾಗಿ ನೋಡಬಹುದು" ಅಂದರು. ಮುಂಗಡ ಕೊಡುವ ಮೊದಲು ಹೋಗಿ ಬಂದವರನ್ನು ಕೇಳೋಣ ಅನಿಸಿತು. ಊಟದ ವಿಷಯವೂ ಹೇಳಿ, ಅಮ್ಮನಿಗೆ ಅದೇ ಚಿಂತೆ.

ಹೊಳೆದಂಡೆ:

ದಯವಿಟ್ಟು ಮುಂಗಡ ಕೊಡಬೇಡಿ. ಅಕ್ಟೋಬರ್‌ನಲ್ಲಿ ಜನ ಇರುವುದಿಲ್ಲ ಅನ್ನುವುದು ನಿಜ, ಆದರೆ ಯಾಕೆ ಇರುವುದಿಲ್ಲ ಅಂತ ಅವರು ಹೇಳಿಲ್ಲ ಅಷ್ಟೇ.

ವಿಯೆಟ್ನಾಂನ ಉತ್ತರದಲ್ಲೂ ದಕ್ಷಿಣದಲ್ಲೂ ಮೇ ತಿಂಗಳಿನಿಂದ ಮಳೆ. ನಡುಭಾಗದ ಲೆಕ್ಕವೇ ಬೇರೆ. ಅಲ್ಲಿ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಮಳೆಗಾಲ, ಅದರಲ್ಲೂ ಅಕ್ಟೋಬರ್, ನವೆಂಬರ್ ಜೋರು. ನೀವು ಮಲೆನಾಡಿನವರು, ಹೇಳಿದರೆ ತಕ್ಷಣ ಗೊತ್ತಾಗುತ್ತದೆ. ಜೂನ್‌ನಲ್ಲಿ ಅರಬ್ಬಿ ಸಮುದ್ರದ ಮೋಡ ನಮ್ಮ ಘಟ್ಟಕ್ಕೆ ಬಡಿದು ಸುರಿಯುತ್ತದಲ್ಲ, ಅಲ್ಲಿ ಈಶಾನ್ಯದ ಗಾಳಿ ಪೂರ್ವದ ಸಮುದ್ರದ ತೇವ ಹೊತ್ತುಕೊಂಡು ಬಂದು ಟ್ರುವಾಂಗ್ ಸನ್ ಬೆಟ್ಟಸಾಲಿಗೆ ಬಡಿಯುತ್ತದೆ. ಬೆಟ್ಟಕ್ಕೂ ಸಮುದ್ರಕ್ಕೂ ನಡುವೆ ಜಾಗ ಕಡಿಮೆ. ಹೊಳೆಗಳು ಚಿಕ್ಕವು, ಇಳಿಜಾರು ಜಾಸ್ತಿ. ಮೇಲೆ ಸುರಿದ ನೀರು ಸ್ವಲ್ಪ ಹೊತ್ತಿಗೇ ಕೆಳಗೆ ಬಂದುಬಿಡುತ್ತದೆ, ಜೊತೆಗೆ ಚಂಡಮಾರುತದ ಕಾಲವೂ ಅದೇ. ಹೋಯ್ ಆನ್ ಇರುವುದು ತು ಬೋನ್ ನದಿ ಸಮುದ್ರ ಸೇರುವ ಹತ್ತಿರ, ಹಳೇ ಪೇಟೆ ನದಿಗೆ ಅಂಟಿಕೊಂಡೇ ಇದೆ.

ನಾವು ಹೋಗಿದ್ದು ಅಕ್ಟೋಬರ್ ಕೊನೆಯಲ್ಲಿ. ಮೊದಲ ದಿನ ಜಿಟಿಜಿಟಿ ಮಳೆ, ಪರವಾಗಿಲ್ಲ ಅಂದುಕೊಂಡೆವು. ಎರಡನೇ ರಾತ್ರಿ ಉಳಿದುಕೊಂಡಿದ್ದ ಮನೆಯವರು ಬಂದು ಕೆಳಗಿನ ಸಾಮಾನನ್ನೆಲ್ಲ ಮಹಡಿಗೆ ಸಾಗಿಸಲು ಶುರು ಮಾಡಿದರು. ಬೆಳಿಗ್ಗೆ ಎದ್ದು ನೋಡಿದರೆ ಬೀದಿಯಲ್ಲಿ ಸೊಂಟದ ತನಕ ನೀರು, ಜನ ದೋಣಿಯಲ್ಲಿ ಓಡಾಡುತ್ತಿದ್ದರು. ಅವರಿಗೆ ಅದು ಅಭ್ಯಾಸ ಆಗಿಹೋಗಿದೆ. ಟಾನ್ ಕೀ ಅನ್ನುವ ಹಳೇ ವರ್ತಕರ ಮನೆಯಲ್ಲಿ ಯಾವ ವರ್ಷ ಎಲ್ಲಿಯವರೆಗೆ ನೀರು ಬಂತು ಅಂತ ಗೋಡೆಯ ಮೇಲೆ ಗುರುತು ಹಾಕಿಟ್ಟಿದ್ದಾರೆ. ನನ್ನ ತಲೆಗಿಂತ ಮೇಲೆ ಇದ್ದವು ಕೆಲವು. ನಾವು ಎರಡು ದಿನ ರೂಮಿನಲ್ಲೇ ಕೂತೆವು, ಹುಯೇಗೆ ಹೋಗಲಾಗಲಿಲ್ಲ. ಮಂಡಿನೋವಿನ ಅಮ್ಮನನ್ನೂ ಮಗುವನ್ನೂ ಕಟ್ಟಿಕೊಂಡು ಆ ನೀರಿಗೆ ಇಳಿಯುವ ಹಾಗಾಗುವುದು ಬೇಡ.

ಹೋಗುವುದಾದರೆ ಫೆಬ್ರವರಿಯಿಂದ ಏಪ್ರಿಲ್ ಒಳ್ಳೆಯದು. ಮೇ ದಾಟಿದರೆ ಸೆಕೆ, ಜೂನ್ ಜುಲೈಯಲ್ಲಿ ಮಧ್ಯಾಹ್ನ ಹೊರಗೆ ಕಾಲಿಡುವುದೇ ಕಷ್ಟ. ಇನ್ನು ಅವರ ಹೊಸ ವರ್ಷ ಟೆಟ್ ಹಬ್ಬದ ವಾರ ಬಿಡಿ, ಅಂಗಡಿ ಹೋಟೆಲು ಬಹಳಷ್ಟು ಮುಚ್ಚಿರುತ್ತವೆ. ಏಪ್ರಿಲ್ 30, ಮೇ 1 ಅವರಿಗೆ ರಾಷ್ಟ್ರೀಯ ರಜೆ, ಆಗ ವಿಪರೀತ ಜನ.

ಕಲ್ಬರಹ:

ನಿಮ್ಮ ಅಪ್ಪನ ಬಗ್ಗೆ ಓದಿ ತುಂಬಾ ಖುಷಿಯಾಯಿತು. ಅವರನ್ನು ಮೀ ಸನ್‌ಗೆ ಕರೆದುಕೊಂಡು ಹೋಗಲೇಬೇಕು, ಆದರೆ ಅದಕ್ಕೂ ಮೊದಲು ಹತ್ತಿರದ ಡಾ ನಾಂಗ್ ನಗರದಲ್ಲಿರುವ ಚಾಮ್ (ಅಂದರೆ ಚಂಪಾದವರ) ಶಿಲ್ಪಗಳ ಮ್ಯೂಸಿಯಂ ತೋರಿಸಿ. ಈ ಕ್ರಮ ಬದಲಿಸಬೇಡಿ. ಮೀ ಸನ್‌ನ ಒಳ್ಳೊಳ್ಳೆ ಶಿಲ್ಪಗಳು ಇರುವುದು ಆ ಮ್ಯೂಸಿಯಂನಲ್ಲಿ. ಏಳನೇ ಶತಮಾನದ ಒಂದು ಪೀಠ ಇದೆ, ಅದರ ಸುತ್ತ ತಪಸ್ವಿಗಳು, ಕೊಳಲು ಊದುವವರು, ಕುಣಿಯುವವರು. ಅದನ್ನು ಕಣ್ಣಲ್ಲಿ ತುಂಬಿಕೊಂಡು ಹೋದರೆ ಕಾಡಿನೊಳಗಿನ ಖಾಲಿ ಗುಡಿ ಖಾಲಿ ಅನಿಸುವುದಿಲ್ಲ.

ಮೀ ಸನ್ ಶುರುವಾಗಿದ್ದು ನಾಲ್ಕನೇ ಶತಮಾನದ ಕೊನೆಗೆ, ಭದ್ರವರ್ಮ ಅನ್ನುವ ರಾಜನಿಂದ. ದೇವರಿಗೆ ತನ್ನ ಹೆಸರು ಸೇರಿಸಿ ಭದ್ರೇಶ್ವರ ಅಂತ ಕರೆದ. ಅದು ಸುಟ್ಟುಹೋದ ಮೇಲೆ ಏಳನೇ ಶತಮಾನದಲ್ಲಿ ಶಂಭುವರ್ಮ ಮತ್ತೆ ಕಟ್ಟಿಸಿದ, ದೇವರು ಶಂಭುಭದ್ರೇಶ್ವರ ಆದ. ನಮ್ಮಲ್ಲೂ ರಾಜರು ಹೀಗೆ ಮಾಡುತ್ತಿದ್ದರಲ್ಲ, ಪಟ್ಟದಕಲ್ಲಿನ ಸಂಗಮೇಶ್ವರಕ್ಕೆ ವಿಜಯಾದಿತ್ಯನ ಹೆಸರಿನಲ್ಲಿ ವಿಜಯೇಶ್ವರ ಅಂತಲೇ ಹೆಸರಿತ್ತು. ಅಪ್ಪನಿಗೆ ಇದು ಗೊತ್ತೇ ಇರುತ್ತದೆ. ಅಲ್ಲಿನ ಸಂಸ್ಕೃತ ಶಾಸನಗಳ ಲಿಪಿಯ ಬೇರು ದಕ್ಷಿಣ ಭಾರತದ್ದು. ಹಳಗನ್ನಡ ಶಾಸನ ನೋಡಿದ ಕಣ್ಣಿಗೆ ಆ ಅಕ್ಷರಗಳ ದುಂಡು ಪರಿಚಯದ್ದು ಅನಿಸುತ್ತದೆ, ನನಗಂತೂ ಒಂದು ಕಲ್ಲಿನ ಮುಂದಿನಿಂದ ಏಳಲು ಮನಸ್ಸೇ ಬರಲಿಲ್ಲ.

ಒಂದು ಮಾತು ಮೊದಲೇ ಹೇಳಿಡಿ. ಅದು ಪಟ್ಟದಕಲ್ಲಿನ ಹಾಗೆ ಉಳಿದಿಲ್ಲ. ಹೆಚ್ಚುಕಡಿಮೆ ಎಲ್ಲ ಇಟ್ಟಿಗೆಯ ಗುಡಿಗಳು, ಇಟ್ಟಿಗೆಯ ನಡುವೆ ಗಾರೆ ಕಾಣದಷ್ಟು ಬಿಗಿ. 1969ರಲ್ಲಿ ಅಮೆರಿಕದ ಬಾಂಬು ಬಿದ್ದು ಎಲ್ಲಕ್ಕಿಂತ ದೊಡ್ಡ ಗೋಪುರವೇ ನೆಲಕ್ಕೆ ಬಂತು. ಬಾಂಬಿನ ಗುಂಡಿಗಳು ಈಗಲೂ ಇವೆ. ನಮ್ಮ ಭಾರತೀಯ ಪುರಾತತ್ವ ಇಲಾಖೆಯವರು ಅಲ್ಲಿ ಕೆಲವು ಗುಡಿಗಳನ್ನು ಸರಿಪಡಿಸಿದ್ದಾರೆ. 2020ರಲ್ಲಿ ಹಾಗೆ ಕೆಲಸ ಮಾಡುವಾಗಲೇ ಒಂದೇ ಕಲ್ಲಿನ ಶಿವಲಿಂಗ ಮಣ್ಣಿನಿಂದ ಹೊರಬಂತು. ಆ ಜಾಗವನ್ನು ಕೇಳಿ ನೋಡಿ.

ಹೋಯ್ ಆನ್‌ನಿಂದ ಸುಮಾರು 40 ಕಿಲೋಮೀಟರ್. ಬೆಳಗಿನ ಜಾವ ಹೊರಟು ಏಳಕ್ಕೆಲ್ಲ ಅಲ್ಲಿರಿ. ಒಂಬತ್ತರ ನಂತರ ಬಸ್ಸುಗಳು ಬರುತ್ತವೆ, ಬಿಸಿಲೂ ಏರುತ್ತದೆ. ಗೇಟಿನಿಂದ ಬ್ಯಾಟರಿ ಗಾಡಿ ಇದೆ. ಗಾಡಿ ಇಳಿದ ಮೇಲೆ ಅಮ್ಮ ಮುಖ್ಯ ಗುಂಪಿನ ಗುಡಿಗಳವರೆಗೆ ನಿಧಾನವಾಗಿ ಬಂದು ನೆರಳಲ್ಲಿ ಕೂರಲಿ. ಉಳಿದದ್ದು ಸುತ್ತುದಾರಿ, ಅಪ್ಪನ ಜೊತೆ ನೀವು ಹೋಗಿ.

ಅನ್ನಸಾರು:

ಅಮ್ಮನ ಊಟಕ್ಕೆ ಒಂದೇ ಪದ ಕಲಿತರೆ ಸಾಕು: ಚಾಯ್. ನಮ್ಮ ಚಹಾ ಅಲ್ಲ, ಸಸ್ಯಾಹಾರ ಅಂತ ಅರ್ಥ. ಬೋರ್ಡಿನಲ್ಲಿ ಆ ಪದ ಇರುವ ಹೋಟೆಲಿಗೆ ಕಣ್ಣುಮುಚ್ಚಿ ಹೋಗಬಹುದು, ಯಾಕೆಂದರೆ ಅದು ಬೌದ್ಧರ ವ್ರತದ ಊಟ. ಆ ಸಂಪ್ರದಾಯದಲ್ಲಿ ಈರುಳ್ಳಿ ಬೆಳ್ಳುಳ್ಳಿಯನ್ನೂ ಬಿಡುತ್ತಾರೆ. ಎಲ್ಲ ಹೋಟೆಲಿನಲ್ಲೂ ಅಷ್ಟು ಕಟ್ಟುನಿಟ್ಟಿಲ್ಲ, ಕೇಳಿದರೆ ಹಾಕದೆ ಮಾಡಿಕೊಡುತ್ತಾರೆ. ಚಾಂದ್ರಮಾನದ ಪಾಡ್ಯ ಮತ್ತು ಹುಣ್ಣಿಮೆಯ ದಿನ ಹುಯೇಯಲ್ಲಿ ಎಷ್ಟೋ ಮನೆಯವರು ಚಾಯ್ ಊಟವನ್ನೇ ಮಾಡುತ್ತಾರೆ.

ಮಾಮೂಲಿ ಹೋಟೆಲಿನಲ್ಲಿ ಹುಷಾರು. ಬರೀ ತರಕಾರಿ ಪಲ್ಯ ಕೇಳಿದರೂ ಮೀನಿನ ಸಾಸು, ನುಕ್ ಮಾಮ್, ಬಿದ್ದಿರುತ್ತದೆ. ಇನ್ನೊಂದು, ಚಾಯ್ ಹೋಟೆಲಿನಲ್ಲೂ ಸೋಯಾದಿಂದ ಮಾಂಸದ ತುಂಡಿನ ಹಾಗೇ ಮಾಡಿ ಬಡಿಸುತ್ತಾರೆ. ನನ್ನ ಅತ್ತೆ ಅದನ್ನು ನೋಡಿ ತಟ್ಟೆ ಸರಿಸಿಬಿಟ್ಟರು, ಎಷ್ಟು ಹೇಳಿದರೂ ತಿನ್ನಲಿಲ್ಲ. ಅಮ್ಮನಿಗೆ ಮೊದಲೇ ತಿಳಿಸಿ, ತೋಫು ಮತ್ತು ಸೊಪ್ಪು ಮಾತ್ರ ಹೇಳಿ. ಅನ್ನ ಎಲ್ಲೆಡೆ ಸಿಗುತ್ತದೆ. ಮೊಸರು ಸಿಗುವುದು ಸಣ್ಣ ಕಪ್ಪಿನಲ್ಲಿ, ಹೆಚ್ಚಾಗಿ ಸಿಹಿ. ಚಟ್ನಿಪುಡಿ, ಉಪ್ಪಿನಕಾಯಿ, ಸ್ವಲ್ಪ ಅವಲಕ್ಕಿ ಇಟ್ಟುಕೊಳ್ಳಿ.

ಮಲೆನಾಡಿನವಳು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಪ್ಪನಿಗೆ ಎಲ್ಲ ಓದಿ ಹೇಳಿದೆ, ಪೀಠದ ವಿಷಯವನ್ನು ಎರಡು ಸಲ ಓದಿಸಿದರು. ಅಕ್ಟೋಬರ್ ಬಿಟ್ಟೆವು. ಮಗನ ಪರೀಕ್ಷೆ ಮುಗಿದ ಮೇಲೆ ಏಪ್ರಿಲ್ ಎರಡನೇ ವಾರ ಅಂತ ನಿರ್ಧಾರ, ಏಜೆಂಟ್ ಬೇಡ, ನಾವೇ ಬುಕ್ ಮಾಡುತ್ತೇವೆ. ವೀಸಾ, ದುಡ್ಡು, ಹುಯೇ ಬಗ್ಗೆ ಯಾರಾದರೂ ಹೇಳಿ. ದೊಡ್ಡ ಕೈಗಳು ಎತ್ತಿ ಹಿಡಿದಂತೆ ಕಾಣುವ ಆ ಸೇತುವೆ ನೋಡಬೇಕು ಅಂತ ಮಗನ ಹಟ.

ಹೊಳೆದಂಡೆ:

ಒಳ್ಳೆ ನಿರ್ಧಾರ. ವೀಸಾ ಆನ್‌ಲೈನ್‌ನಲ್ಲೇ ಆಗುತ್ತದೆ, ಒಂದು ಸಲದ ಪ್ರವೇಶಕ್ಕೆ 25 ಡಾಲರ್. ಸರ್ಕಾರದ್ದೇ ಅನಿಸುವಂತೆ ಕಾಣುವ ಖಾಸಗಿ ಸೈಟುಗಳು ಮೂರು ಪಟ್ಟು ಕೀಳುತ್ತವೆ, ವಿಳಾಸ 'ಜಿಒವಿ ಡಾಟ್ ವಿಎನ್' ಅಂತ ಕೊನೆಯಾಗುತ್ತದಾ ನೋಡಿ. ನಮ್ಮ ಕಡೆಯವರ ಪಾಸ್‌ಪೋರ್ಟಿನಲ್ಲಿ ಎಷ್ಟೋ ಸಲ ಸರ್‌ನೇಮ್ ಜಾಗ ಖಾಲಿ ಇರುತ್ತದೆ, ಅಪ್ಪನದು ಹಾಗಿದ್ದರೆ ನಿಧಾನವಾಗಿ ತುಂಬಿ. ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೇ ಇರಬೇಕು, ತಪ್ಪಾದರೆ ಕಟ್ಟಿದ ದುಡ್ಡು ವಾಪಸ್ ಬರುವುದಿಲ್ಲ.

ಅಲ್ಲಿನ ನೋಟಿನಲ್ಲಿ ಸೊನ್ನೆ ಜಾಸ್ತಿ. 20 ಸಾವಿರದ ನೋಟು, 5 ಲಕ್ಷದ ನೋಟು ಎರಡೂ ನೀಲಿ, ಸಂಜೆ ಬೆಳಕಿನಲ್ಲಿ ಒಂದೇ ಥರ ಕಾಣುತ್ತವೆ. ಐದು ಲಕ್ಷದ್ದನ್ನು ಬೇರೆ ಜೇಬಿನಲ್ಲಿಡಿ. 20 ಸಾವಿರದ ನೋಟಿನ ಮೇಲಿರುವುದು ಹೋಯ್ ಆನ್‌ನ ಜಪಾನಿ ಸೇತುವೆ, ಮಗನ ಕೈಗೆ ನೋಟು ಕೊಟ್ಟು ಸೇತುವೆ ಹುಡುಕಲು ಹೇಳಿ. ಆ ಪೇಟೆ ಜಪಾನಿ, ಚೀನೀ ವರ್ತಕರ ಬಂದರಾಗಿತ್ತು. ನದಿಯಲ್ಲಿ ಹೂಳು ತುಂಬಿ ದೊಡ್ಡ ಹಡಗು ಬರಲಾಗದೆ ವ್ಯಾಪಾರ ಡಾ ನಾಂಗ್‌ಗೆ ಹೋಯಿತು, ಅದಕ್ಕೇ ಹಳೇ ಮನೆಗಳು ಹಾಗೇ ಉಳಿದವು. ಬೆಳಿಗ್ಗೆ ಆರಕ್ಕೆ ಹೋದರೆ ಬೀದಿ ಖಾಲಿ. ಪಂಚಾಂಗ ನೋಡಿ, ಹುಣ್ಣಿಮೆ ಹಿಂದಿನ ಚತುರ್ದಶಿ ನಿಮ್ಮ ದಿನಗಳಲ್ಲಿ ಬಂದರೆ ಆ ರಾತ್ರಿ ಅಲ್ಲೇ ಇರಿ. ಕರೆಂಟು ದೀಪ ಆರಿಸಿ ಕಾಗದದ ದೀಪ ಹಚ್ಚುತ್ತಾರೆ.

ಕೈಗಳ ಸೇತುವೆ ಇರುವುದು ಬಾ ನಾ ಬೆಟ್ಟದಲ್ಲಿ, 2018ರಲ್ಲಿ ಶುರುವಾದದ್ದು. ಟಿಕೆಟ್ ದುಬಾರಿ, ಇಡೀ ದಿನ ಹೋಗುತ್ತದೆ, ವಿಪರೀತ ನೂಕುನುಗ್ಗಲು. ನಾನಾದರೆ ಆ ದಿನವನ್ನು ಹುಯೇಗೆ ಕೊಡುತ್ತೇನೆ. 1802ರಿಂದ 1945ರವರೆಗೆ ನ್ಗುಯೆನ್ ಅರಸರ ರಾಜಧಾನಿ ಅದು. ಕೋಟೆ ವಿಶಾಲ, ಆದರೆ ಸಮತಟ್ಟು. ರಾಜರ ಸಮಾಧಿಗಳಲ್ಲಿ ಖಾಯ್ ಡಿನ್‌ನದು ನೂರಕ್ಕೂ ಹೆಚ್ಚು ಮೆಟ್ಟಿಲು, ಅಮ್ಮನಿಗೆ ಬೇಡ. ತು ಡುಕ್‌ನದು ಕೆರೆ, ಪೈನ್ ಮರ, ತೋಟ ಇರುವ ಜಾಗ, ಅಲ್ಲಿಗೆ ಕರೆದೊಯ್ಯಿರಿ.

ಡಾ ನಾಂಗ್‌ನಿಂದ ಹುಯೇಗೆ ಟ್ಯಾಕ್ಸಿ ಮಾಡಿದರೆ ಸುಮ್ನೆ ಸುರಂಗದೊಳಗೆ ನುಗ್ಗಿಸಿ ಕರೆದುಕೊಂಡು ಹೋಗುತ್ತಾರೆ. ಅದರ ಬದಲು ಹಗಲು ರೈಲು ಹಿಡಿಯಿರಿ, ಸುಮಾರು ಮೂರು ಗಂಟೆ. ಹಾಯ್ ವಾನ್ ಬೆಟ್ಟದ ಅಂಚಿನಲ್ಲೇ ಹೋಗುತ್ತದೆ, ಕೆಳಗೆ ನೇರ ಸಮುದ್ರ. ಹುಯೇ ಕಡೆ ಹೋಗುವಾಗ ಸಮುದ್ರ ಬಲಕ್ಕೆ ಬರುತ್ತದೆ. ಮಗನಿಗೆ ಆ ಕಡೆಯ ಕಿಟಕಿ ಸೀಟೇ ಬುಕ್ ಮಾಡಿ.