ಸಾಲದ ವಾಹನ ವಶಕ್ಕೆ ಪಡೆಯುವವರಿಗೆ ರಾಜ್ಯ ಸಂಘದಿಂದ ಏನು ಪ್ರಯೋಜನ?

ಪ್ರಶ್ನೆ

ನಾನು ಅಮೆರಿಕದ ಫ್ಲಾರಿಡಾದಲ್ಲಿ ಎರಡು ಟೋ ಟ್ರಕ್‌ಗಳನ್ನು ಇಟ್ಟುಕೊಂಡು, ಕಂತು ಕಟ್ಟದ ಕಾರುಗಳನ್ನು ಬ್ಯಾಂಕುಗಳ ಪರವಾಗಿ ವಶಕ್ಕೆ ಪಡೆಯುವ ಸಣ್ಣ ಸಂಸ್ಥೆಯನ್ನು ನಡೆಸುತ್ತಿದ್ದೇನೆ. ರಾಷ್ಟ್ರಮಟ್ಟದ ಸಂಘವೊಂದರ ಸದಸ್ಯತ್ವ ಈಗಾಗಲೇ ಇದೆ. ಈಗ ರಾಜ್ಯ ಸಂಘದವರೂ ಸೇರಿಕೊಳ್ಳಲು ಕರೆಯುತ್ತಿದ್ದಾರೆ. ನಮಗೆ ಬಹುತೇಕ ಕೆಲಸ ಬರುವುದು ಫಾರ್ವರ್ಡರ್ ಎಂಬ ಮಧ್ಯವರ್ತಿ ಕಂಪನಿಗಳಿಂದ. ಕಾರು ಸಿಕ್ಕರೆ ಮಾತ್ರ ಹಣ, ಸಿಗದಿದ್ದರೆ ಮೂರು ರಾತ್ರಿ ಸುತ್ತಿದ ಡೀಸೆಲ್ ಖರ್ಚೂ ನಮ್ಮ ತಲೆಗೇ. ಹೀಗಿರುವಾಗ ಮತ್ತೊಂದು ವಾರ್ಷಿಕ ಶುಲ್ಕ ಕಟ್ಟಿದರೆ ನಿಜವಾಗಿ ಏನು ದೊರೆಯುತ್ತದೆ? ಸಂಘಕ್ಕೆ ಸೇರಿದರೆ ನಮ್ಮ ದರಗಳು ಏರಬಹುದೇ?

ಉತ್ತರ 1

ನಮ್ಮ ವೃತ್ತಿಯನ್ನು ಆಳುವ ಕಾನೂನಿನ ಹೆಚ್ಚಿನ ಪಾಲು ರಾಜ್ಯದಲ್ಲೇ ಹುಟ್ಟುತ್ತದೆ ಎಂಬುದನ್ನು ಗಮನಿಸಿದರೆ ತಮ್ಮ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಂತೆಯೇ. ರಾಜ್ಯಗಳು ತಮ್ಮ ಕಾನೂನಾಗಿ ಅಂಗೀಕರಿಸಿರುವ ಮಾದರಿ ವಾಣಿಜ್ಯ ಸಂಹಿತೆಯಾದ ಯೂನಿಫಾರ್ಮ್ ಕಮರ್ಷಿಯಲ್ ಕೋಡ್‌ನ 9-609ನೇ ವಿಧಿಯು ಶಾಂತಿಭಂಗವಾಗದಂತೆ, ನ್ಯಾಯಾಲಯದ ಆದೇಶವಿಲ್ಲದೆಯೇ ವಾಹನವನ್ನು ವಶಕ್ಕೆ ಪಡೆಯಲು ಅವಕಾಶ ಕೊಡುತ್ತದೆ. ಆದರೆ ಶಾಂತಿಭಂಗ ಎಂದರೇನು ಎಂದು ಅದು ಎಲ್ಲಿಯೂ ವಿವರಿಸುವುದಿಲ್ಲ, ಅದನ್ನು ಆಯಾ ರಾಜ್ಯದ ನ್ಯಾಯಾಲಯಗಳೇ ತೀರ್ಮಾನಿಸುತ್ತ ಬಂದಿವೆ. ಪರವಾನಗಿಯ ವಿಷಯವೂ ಹಾಗೆಯೇ. ತಮ್ಮ ರಾಜ್ಯದಲ್ಲಿ ಅದನ್ನು ಕೊಡುವುದು ಕೃಷಿ ಮತ್ತು ಗ್ರಾಹಕ ಸೇವೆಗಳ ಇಲಾಖೆ (ಹೊರಗಿನವರಿಗೆ ಇದು ಆಶ್ಚರ್ಯವೆನಿಸುತ್ತದೆ). ಸಂಸ್ಥೆಗೆ ‘ಆರ್’, ಏಜೆಂಟರಿಗೆ ‘ಇ’, ಕಲಿಯುವವರಿಗೆ ‘ಇಇ’ ವರ್ಗದ ಪರವಾನಗಿ ಬೇಕು. ಕ್ಯಾಲಿಫೋರ್ನಿಯಾದಲ್ಲಿ ಬ್ಯೂರೋ ಆಫ್ ಸೆಕ್ಯುರಿಟಿ ಅಂಡ್ ಇನ್ವೆಸ್ಟಿಗೇಟಿವ್ ಸರ್ವೀಸಸ್, ಇಲಿನಾಯ್‌ನಲ್ಲಿ ಕಾಮರ್ಸ್ ಕಮಿಷನ್ ಈ ಕೆಲಸ ಮಾಡುತ್ತವೆ. ಈ ನಿಯಮಗಳಲ್ಲಿ ಒಂದು ಸಾಲು ಬದಲಾಗುವ ಮಸೂದೆ ಶಾಸನಸಭೆಯ ಸಮಿತಿಯ ಮುಂದೆ ಬಂದಾಗ, ರಾತ್ರಿಯೆಲ್ಲ ಟ್ರಕ್ಕಿನಲ್ಲಿ ಕಳೆದ ನಾವು ಬೆಳಿಗ್ಗೆ ಹೋಗಿ ಮಾತನಾಡುವುದು ಸಾಧ್ಯವಿಲ್ಲ. ಅಲ್ಲಿ ನಮ್ಮ ಪರವಾಗಿ ಕುಳಿತುಕೊಳ್ಳಬೇಕಾದದ್ದು ರಾಜ್ಯ ಸಂಘವೇ.

ಉತ್ತರ 2

ನನ್ನ ಅನುಭವವನ್ನು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ, ಬೆಳಗಿನ ಜಾವ, ಮನೆಯೊಂದರ ಮುಂದೆ ನಿಂತಿದ್ದ ಕಾರಿನ ಮುಂದಿನ ಚಕ್ರಗಳನ್ನು ನಾನು ಮೇಲೆತ್ತಿದ್ದೆ. ಅಷ್ಟರಲ್ಲಿ ಆ ಮನೆಯ ಹೆಂಗಸು ಹೊರಗೆ ಬಂದು, ಕಾರನ್ನು ಒಯ್ಯಬೇಡಿ ಎಂದು ಸ್ಪಷ್ಟವಾಗಿ ಹೇಳಿದರು. ಹಿಂದಿನ ಸೀಟಿನಲ್ಲಿ ಮಗುವಿನ ಆಸನ, ಅದರ ಪಕ್ಕದಲ್ಲಿ ಔಷಧಿಯ ಚೀಲ ಕಾಣುತ್ತಿತ್ತು. ನಾನು ಚಕ್ರಗಳನ್ನು ಕೆಳಗಿಳಿಸಿ, ಸರಪಳಿ ಬಿಚ್ಚಿಕೊಂಡು ಹಿಂದಿರುಗಿದೆ. ಕೆಲಸ ಕೊಟ್ಟ ಕಂಪನಿಯವರು ಕೋಪಗೊಂಡು ಆರ್ಡರನ್ನು ಬೇರೆಯವರಿಗೆ ಕೊಟ್ಟರು. ಮರುದಿನ ರಾಜ್ಯ ಸಂಘದ ಹಿರಿಯರೊಬ್ಬರಿಗೆ ಫೋನ್ ಮಾಡಿದಾಗ, ಸ್ಥಳದಲ್ಲೇ ಬಾಯಿಮಾತಿನಲ್ಲಿ ವಿರೋಧಿಸಿದ ಮೇಲೂ ಮುಂದುವರಿದರೆ ಅದನ್ನು ಶಾಂತಿಭಂಗವೆಂದು ಅನೇಕ ನ್ಯಾಯಾಲಯಗಳು ಪರಿಗಣಿಸಿವೆ ಎಂದೂ, ನಾನು ಮಾಡಿದ್ದೇ ಸರಿಯೆಂದೂ ಅವರು ತಾಳ್ಮೆಯಿಂದ ವಿವರಿಸಿದರು. ಆ ಒಂದು ಫೋನಿಗೆ ನಾನು ಬೆಲೆ ಕಟ್ಟಲಾರೆ. ನಮ್ಮ ನಡುವೆ ಒಬ್ಬ ಒರಟಾಗಿ ನಡೆದುಕೊಂಡು ದಾವೆ ಹಾಕಿಸಿಕೊಂಡರೆ, ವಿಮೆಯ ಕಂತು ಏರುವುದು ನಮ್ಮೆಲ್ಲರಿಗೂ. ಕಾರಿನೊಳಗಿನ ವಸ್ತುಗಳ ಪಟ್ಟಿ ಮಾಡುವುದನ್ನು, ಅವನ್ನು ಜೋಪಾನವಾಗಿ ಹಿಂದಿರುಗಿಸುವುದನ್ನು ಹೊಸಬರಿಗೆ ಕಲಿಸುವವರು ಯಾರಾದರೂ ಇರಲೇಬೇಕು.

ಉತ್ತರ 3

ದರದ ಬಗ್ಗೆ ಮಾತ್ರ ತಾವು ಎಚ್ಚರಿಕೆಯಿಂದಿರಬೇಕು. ನಾವೆಲ್ಲರೂ ಪರಸ್ಪರ ಪೈಪೋಟಿಯಲ್ಲಿರುವ ಸಂಸ್ಥೆಗಳು. ಸಂಘದ ಸಭೆಯಲ್ಲಿ ಕೂಡಿ ‘ಇಷ್ಟಕ್ಕಿಂತ ಕಡಿಮೆಗೆ ಯಾರೂ ಕೆಲಸ ಒಪ್ಪಬಾರದು’ ಎಂದು ನಿರ್ಧರಿಸಿದರೆ ಪೈಪೋಟಿಗೆ ಅಡ್ಡಿಪಡಿಸುವ ಒಪ್ಪಂದಗಳನ್ನು ನಿಷೇಧಿಸುವ 1890ರ ಶರ್ಮನ್ ಕಾಯ್ದೆಯ ಪ್ರಕಾರ ಅದು ಅಪರಾಧವಾಗುತ್ತದೆ. ಹಾಗೆಂದು ಸಂಘ ಕೈಕಟ್ಟಿ ಕೂರಬೇಕಿಲ್ಲ. ಗುತ್ತಿಗೆ ಪತ್ರದಲ್ಲಿ ಬ್ಯಾಂಕಿನ ತಪ್ಪಿಗೂ ಏಜೆಂಟನೇ ನಷ್ಟ ತುಂಬಿಕೊಡಬೇಕೆಂಬ ಷರತ್ತು ಇದ್ದರೆ ಅದರ ಅರ್ಥವೇನೆಂದು ವಕೀಲರಿಂದ ಸದಸ್ಯರಿಗೆ ತಿಳಿಹೇಳಿಸಬಹುದು. ಒಂದು ವಾಹನಕ್ಕೆ ತಗಲುವ ನಿಜವಾದ ಖರ್ಚನ್ನು ಲೆಕ್ಕ ಹಾಕುವ ವಿಧಾನವನ್ನು ಕಲಿಸಬಹುದು. ದರವನ್ನು ನಿರ್ಧರಿಸಬೇಕಾದವರು ತಾವೇ. ಸೇರುವ ಮೊದಲು ಒಂದನ್ನು ಕೇಳಿ ನೋಡಿ: ಶಾಸನಸಭೆಯ ಕಳೆದ ಅಧಿವೇಶನದಲ್ಲಿ ಸಂಘವು ಯಾವ ಮಸೂದೆಯ ಬಗ್ಗೆ, ಯಾರ ಮುಂದೆ, ಏನೆಂದು ಹೇಳಿತು? ಇದಕ್ಕೆ ನೇರವಾದ ಉತ್ತರ ಬರದಿದ್ದರೆ, ವರ್ಷಕ್ಕೊಮ್ಮೆ ಔತಣಕೂಟ ನಡೆಸುವ ಸಂಘಕ್ಕೆ ತಾವು ಹಣ ಕೊಡಬೇಕಿಲ್ಲ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ದರ ಏರುತ್ತದೆಂಬ ಆಸೆಯನ್ನು ಬದಿಗಿಟ್ಟಿದ್ದೇನೆ. ಮುಂದಿನ ಸಭೆಗೆ ಅತಿಥಿಯಾಗಿ ಹೋಗಿ ಮಸೂದೆಯ ಪ್ರಶ್ನೆಯನ್ನು ಕೇಳುತ್ತೇನೆ. ‘ಇಇ’ ಪರವಾನಗಿಯಲ್ಲಿ ನನ್ನೊಂದಿಗೆ ಕಲಿಯುತ್ತಿರುವ ಹುಡುಗನನ್ನೂ ಕರೆದೊಯ್ಯುತ್ತೇನೆ.