ಸಹಾಯ ಬೇಕು: ಹಳೇ ಟ್ರ್ಯಾಕ್ಟರ್ ಸ್ಲ್ಯಾಷರ್‌ಗೆ ಬ್ಲೇಡ್

ತೆಂಗಿನ ತೋಟದಲ್ಲಿ ಕಳೆ ಹೊಡೆಯೋ ಐದಡಿ ಸ್ಲ್ಯಾಷರ್, ಪಿಟಿಒ (ಟ್ರ್ಯಾಕ್ಟರ್ ಹಿಂದೆ ತಿರುಗೋ ಶಾಫ್ಟ್) 540 ಆರ್‌ಪಿಎಂ. ಕಂಪನಿ ಪ್ಲೇಟ್ ಕಿತ್ತುಹೋಗಿದೆ, ಪಾರ್ಟ್ ನಂಬರ್ ಇಲ್ಲ. ಬ್ಲೇಡ್ ಎರಡು: ಉದ್ದ 400 ಎಂಎಂ, ಅಗಲ 80, ದಪ್ಪ 10, ಬೋಲ್ಟ್ ತೂತು 25. ಮೇಲಿಂದ ನೋಡಿದರೆ ಗಡಿಯಾರದ ವಿರುದ್ಧ ದಿಕ್ಕಿಗೆ ತಿರುಗುತ್ತೆ, ಹರಿತದ ಬಾಯಿ ಆ ಕಡೆಗೇ ಇರಬೇಕು. ಈ ಅಳತೆಯದು ಎಲ್ಲಾದರೂ ಸಿಗುತ್ತಾ?

ಇಲ್ಲಾಂದ್ರೆ ಲಾರಿ ಕಮಾನು ಪಟ್ಟಿಯಲ್ಲೇ ಮಾಡಿಸಬೇಕು. ಎಂಎಸ್ (ಮೆತ್ತನೆ ಉಕ್ಕಿನ) ಪ್ಲೇಟ್ ಹೇಳಬೇಡಿ, ಒಂದು ಕಲ್ಲು ತಾಗಿದರೆ ಬಾಯಿ ಮಡಚಿಕೊಳ್ಳುತ್ತೆ. ಕಮಾನು ಪಟ್ಟಿ ಕೆಂಪಗೆ ಕಾಸಿ ನೀರಿಗೆ ಅದ್ದಿದರೆ ಬಿರುಕು ಬಿಡುತ್ತೆ. ಎಣ್ಣೆಗೆ ಅದ್ದಿ, ಮತ್ತೆ ಹದವಾಗಿ ಕಾಸಲೇಬೇಕು. ಆ ಎರಡನೇ ಕಾವು ಬಿಟ್ಟರೆ ಬ್ಲೇಡ್ ಮುರಿದು ಗುಂಡಿನ ಹಾಗೆ ಹಾರುತ್ತೆ. ಎರಡರ ತೂಕವೂ ಒಂದೇ ಇರಬೇಕು, ಇಲ್ಲದಿದ್ದರೆ ಗೇರ್‌ಬಾಕ್ಸ್ ಬೇರಿಂಗ್ ಹೋಗುತ್ತೆ. ತಿಪಟೂರು, ಅರಸೀಕೆರೆ ಕಡೆ ಈ ಹದ ಗೊತ್ತಿರೋ ಕುಲುಮೆ ಇದ್ದರೆ ತಿಳಿಸಿ.