ಕಾಸೀಮನ ಮದುವೆ ಪದ: ಕೊನೆಯ ನುಡಿಯಲ್ಲಿ ಅಳುವವರು ಯಾರು?

ಎಲ್ಲರಿಗೂ ನಮಸ್ಕಾರ. ನಮ್ಮದು ವಿಜಯಪುರ ಜಿಲ್ಲೆ, ಇಂಡಿ ತಾಲೂಕಿನ ಹಳ್ಳಿ. ಮೊಹರಮ್ಮಿನ ಕತಲ್ ರಾತ್ರಿ, ಅಂದರೆ ಕೊನೆಯ ದಿನದ ಹಿಂದಿನ ರಾತ್ರಿ, ನಮ್ಮ ಮ್ಯಾಳ (ಹಾಡುವ ತಂಡ) ಕರ್ಬಲಾ ಯುದ್ಧದ ಕತೆ ಹೇಳುವ ರಿವಾಯತ್ ಪದ ಹಾಡುತ್ತದೆ. ಈ ಸಲ ಕಾಸೀಮನ ಮದುವೆ ಪದ ಹಾಡಬೇಕು ಅಂತಿದ್ದೇವೆ.

ಕತೆ ನಿಮಗೆ ಗೊತ್ತೇ ಇದೆ. ಕಾಸೀಮ ಪೈಗಂಬರರ ಮೊಮ್ಮಗ ಹಸನರ ಮಗ. ಈಗಿನ ಇರಾಕಿನ ಕರ್ಬಲಾದಲ್ಲಿ ಚಿಕ್ಕಪ್ಪ ಹುಸೇನರ ಮಗಳ ಜೊತೆ ಅವನ ಮದುವೆ ಆಗುತ್ತದೆ. ಕೈಯ ಮೆಹಂದಿ ಮಾಸುವ ಮೊದಲೇ ಯುದ್ಧಕ್ಕೆ ಹೋಗಿ ಸಾಯುತ್ತಾನೆ. ಕ್ರಿ.ಶ. 680ರ ಕತೆ ಇದು, ಆದರೂ ನಮ್ಮ ಓಣಿಯ ಹೆಣ್ಣುಮಕ್ಕಳು ಇವತ್ತಿಗೂ ಇದನ್ನು ಕೇಳಿ ಕಣ್ಣು ಒರೆಸಿಕೊಳ್ಳುತ್ತಾರೆ. ಜಾತಿ ಯಾವುದೇ ಇರಲಿ, ಆ ದುಃಖ ಎಲ್ಲರದೂ ಅಲ್ವಾ?

ಪದ ಅಜ್ಜನ ಹಳೇ ವಹಿಯಲ್ಲಿ ಸಿಕ್ಕಿತು. ಮೊದಲ ನುಡಿಗಳು ಸರಿಯಾಗಿವೆ. ಕೊನೆಯ ನುಡಿಯಲ್ಲೇ ತೊಡಕು. ಕುದುರೆ ಒಂದೇ ತಿರುಗಿ ಬಂತು, ಬಾಸಿಂಗ ಮಣ್ಣಾಯಿತು ಅಂತ ಯಾರೋ ಅಳುತ್ತಾರೆ. ಮದುಮಗಳೋ, ತಾಯಿಯೋ ತಿಳಿಯುತ್ತಿಲ್ಲ. ನಡುವಿನ ಎರಡು ಸಾಲು ಹುಳ ತಿಂದು ಹೋಗಿವೆ. ಊರಿನ ಹಿರಿಯರಿಗೆ ಧಾಟಿ ನೆನಪಿದೆ, ಮಾತು ಇಲ್ಲ. ಯೂಟ್ಯೂಬಿನಲ್ಲಿ ಹುಡುಕಿದೆ. ಸಿಕ್ಕ ಪದಗಳೆಲ್ಲ ಬೇರೆ.

ನನಗೇನೋ ಮದುಮಗಳೇ ಅನ್ನಿಸುತ್ತದೆ. ಆದರೆ ಸುಮ್ನೆ ಊಹೆ ಮಾಡಿ ಹಾಡಲು ಮನಸ್ಸಿಲ್ಲ. ತಾಯಿಯ ದುಃಖ ಆದರೆ ದನಿಯೇ ಬೇರೆ, ಎತ್ತುಗಡೆಯೇ ಬೇರೆ.

ಸಿಂದಗಿ, ಜಮಖಂಡಿ, ಅಥಣಿ ಕಡೆಯ ಮ್ಯಾಳದವರು ಇದ್ದರೆ ಹೇಳಿ: ನಿಮ್ಮೂರಲ್ಲಿ ಈ ಪದದ ಕೊನೆಯ ನುಡಿಯನ್ನು ಯಾರ ಮಾತಾಗಿ ಹಾಡುತ್ತಾರೆ, ಮದುಮಗಳದೋ ತಾಯಿಯದೋ? ಆ ಎರಡು ಸಾಲು ಯಾರಿಗಾದರೂ ಬರುತ್ತವೆಯೇ?